ಕಣ್ಣು ಕಂಡುದು, ಕೈ ಅರಿತುದು



ಹುಟ್ಟಿದಂದಿನಿಂದ ಕಣ್ಣು ಕಾಣದ ಒಬ್ಬ ಮನುಷ್ಯನಿದ್ದಾನೆಂದು ಭಾವಿಸೋಣ. ಅವನು ಬೆಳೆದು ಪ್ರೌಢನಾಗಿದ್ದಾನೆ. ಒಂದೇ ಲೋಹದಿಂದ ಮಾಡಿದ, ಹೆಚ್ಚುಕಡಮೆ ಒಂದೇ ಗಾತ್ರದ ಒಂದು ಗುಂಡನ್ನೂ, ಆರು ಮೈಗಳುಳ್ಳ ಒಂದು ಘನವನ್ನೂ ಅವನ ಕೈಗೆ ಕೊಟ್ಟು, ಅವುಗಳ ಹೆಸರನ್ನು ಕಲಿಸಿದ್ದಾರೆ. ಮುಟ್ಟಿದೊಡನೆಯೇ ಅವನು ಯಾವುದು ಯಾವುದೆಂದು ಹೇಳಬಲ್ಲನು. ಹೀಗಿರಲು ಒಂದು ದಿನ ಅವನಿಗೆ ದೃಷ್ಟಿ ಬರುತ್ತದೆ. ಆ ಎರಡು ವಸ್ತುಗಳನ್ನೂ ಮೇಜಿನ ಮೇಲಿಟ್ಟು, ಮುಟ್ಟಗೊಡದೆ, ಬರಿಯ ನೋಟದಿಂದ ಗುಂಡು ಯಾವುದು, ಘನ ಯಾವುದು ಎಂದು ಕೇಳಿದರೆ ಅವನು ಹೇಳಬಲ್ಲನೆ?

ಈ ಪ್ರಶ್ನೆಯನ್ನು ಎತ್ತಿದವನು ಐರ್ಲೆಂಡಿನ ಡಬ್ಲಿನ್ ನಗರದ ವಿಲಿಯಂ ಮೋಲಿನ್ಯೂ ಎಂಬ ಪಂಡಿತನು. ೧೬೫೬ ರಲ್ಲಿ ಹುಟ್ಟಿ ೧೬೯೮ ರಲ್ಲಿ ತೀರಿಕೊಂಡ ಈತನು ತನ್ನ ನಗರದಲ್ಲಿ ಒಂದು ವಿದ್ವತ್ಸಭೆಯನ್ನು ಕಟ್ಟಿದನು. ಬೆಳಕು ಮತ್ತು ಮಸೂರಗಳ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನು ಬರೆದನು. ೧೬೭೮ ರಲ್ಲಿ ಅವನು ಲೂಸಿ ಡಾಮ್ವಿಲ್ ಎಂಬಾಕೆಯನ್ನು ವರಿಸಿದನು. ಮದುವೆಯಾದ ಕೆಲವೇ ತಿಂಗಳುಗಳಲ್ಲಿ ಆಕೆಗೆ ಕಾಯಿಲೆಯಾಗಿ ಎರಡು ಕಣ್ಣುಗಳೂ ಹೋದುವು. ೧೬೯೧ ರಲ್ಲಿ ಆಕೆಯು ಸಾಯುವವರೆಗೂ ಈ ದೃಷ್ಟಿಶಾಸ್ತ್ರದ ಪಂಡಿತನು ದೃಷ್ಟಿಯಿಲ್ಲದ ಹೆಂಡತಿಯೊಡನೆ ಸಂಸಾರ ಮಾಡಿದನು. ಆತನ ಪ್ರಶ್ನೆಯಲ್ಲಿ ಆಕೆಯ ಹೆಸರು ಬರುವುದಿಲ್ಲ. ಆಕೆ ಜನ್ಮಾಂಧೆಯೂ ಅಲ್ಲ. ಆದರೂ ಇದು ಪುಸ್ತಕಗಳ ನಡುವೆ ಮಾತ್ರವೇ ಹುಟ್ಟಿದ ಪ್ರಶ್ನೆಯೆಂದು ನಂಬುವುದು ನಮಗೆ ಕಷ್ಟ.

೧೬೮೮ ರಲ್ಲಿ ಮೋಲಿನ್ಯೂ ಇದನ್ನು ಒಂದು ಕಾಗದದಲ್ಲಿ ಬರೆದು ಇಂಗ್ಲೆಂಡಿನ ತತ್ತ್ವಜ್ಞನಾದ ಜಾನ್ ಲಾಕನ ಗಮನಕ್ಕೆ ಕಳುಹಿಸಿದನು. ಉತ್ತರ ಬರಲಿಲ್ಲ. ಐದು ವರ್ಷಗಳ ಮೇಲೆ, ಇಬ್ಬರಿಗೂ ಪತ್ರಮುಖದಿಂದ ಸ್ನೇಹ ಬೆಳೆದ ಬಳಿಕ, ಪುನಃ ಬರೆದನು. ಈ ಸಲ ಲಾಕನು ಅದನ್ನು ಮೆಚ್ಚಿ, ಮಾನವನ ಬುದ್ಧಿಶಕ್ತಿಯನ್ನು ಕುರಿತ ತನ್ನ ಮಹಾಪ್ರಬಂಧದ ೧೬೯೪ ರ ಎರಡನೆಯ ಮುದ್ರಣದಲ್ಲಿ ಸೇರಿಸಿದನು. ಆ ಅಂಧನು ಹೇಳಲಾರನು ಎಂಬುದೇ ಇಬ್ಬರ ಅಭಿಪ್ರಾಯ. ಮನುಷ್ಯನ ಮನಸ್ಸಿನಲ್ಲಿ ಹುಟ್ಟಿನೊಡನೆ ಬಂದ ಜ್ಞಾನವೇನೂ ಇಲ್ಲ, ಎಲ್ಲವೂ ಅನುಭವದಿಂದಲೇ ಬರತಕ್ಕದ್ದು ಎಂಬುದು ಲಾಕನ ಸಿದ್ಧಾಂತವಷ್ಟೆ. ಕೈಗೆ ಚುಚ್ಚುವ ಮೂಲೆಯು ಕಣ್ಣಿಗೆ ಹೇಗೆ ತೋರುವುದೆಂಬುದನ್ನೂ ಅನುಭವದಿಂದಲೇ ಕಲಿಯಬೇಕು. ಕಲಿಯುವ ಅವಕಾಶ ಆ ಬಡಪಾಯಿಗೆ ಎಲ್ಲಿತ್ತು?

ನಮ್ಮ ನೈಯಾಯಿಕರಿಗೆ ಈ ಪ್ರಶ್ನೆಯ ನೆಲೆಯು ಅಪರಿಚಿತವಾಗಿ ತೋರುತ್ತಿರಲಿಲ್ಲ. ಗೌತಮನ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯವು ಆರಂಭವಾಗುವುದೇ ಇಲ್ಲಿಂದ. ಕಣ್ಣಿನಿಂದ ಕಂಡ ವಸ್ತುವನ್ನೇ ನಾವು ಮುಟ್ಟಿಯೂ ಅರಿಯುತ್ತೇವೆ. ನೋಡಿದವನೂ ನಾನೇ, ಮುಟ್ಟಿದವನೂ ನಾನೇ ಎಂದು ನಮಗೆ ಗೊತ್ತು. ಕಣ್ಣಿಗೆ ಸ್ಪರ್ಶ ತಿಳಿಯದು, ಚರ್ಮಕ್ಕೆ ರೂಪ ತಿಳಿಯದು. ಆದುದರಿಂದ ಈ ಎರಡನ್ನೂ ಒಂದುಗೂಡಿಸುವ, ಇಂದ್ರಿಯಗಳಿಗಿಂತ ಬೇರೆಯಾದ ಆತ್ಮವೊಂದಿರಲೇಬೇಕು ಎಂದು ಅಲ್ಲಿಯ ವಾದ. ನೋಟವೂ ಸ್ಪರ್ಶವೂ ಕೂಡುವ ಜಾಗವೇ ಇಬ್ಬರಿಗೂ ಆಧಾರ. ಗೌತಮನು ಅದರಿಂದ ಆತ್ಮವನ್ನು ಸಾಧಿಸಿದನು. ಲಾಕನು ಆ ಕೂಟವೇ ಅಭ್ಯಾಸದ ಫಲವೆಂದನು.

ಜರ್ಮನಿಯ ಲೈಬ್ನಿಟ್ಸನು ಒಪ್ಪಲಿಲ್ಲ. ಗುಂಡಿಗೆ ಮೂಲೆಗಳಿಲ್ಲ, ಘನಕ್ಕೆ ಎಂಟು ಮೂಲೆಗಳುಂಟು. ಮೇಜಿನ ಮೇಲಿರುವುವು ಆ ಎರಡೇ ವಸ್ತುಗಳೆಂದು ಮೊದಲೇ ತಿಳಿಸಿದ್ದರೆ, ಅಂಧನು ಕಲಿತ ರೇಖಾಗಣಿತವೇ ಅವನಿಗೆ ದಾರಿ ತೋರಿಸುತ್ತದೆ, ಎಂದನು. ಇದು ಜಾಣ ಉತ್ತರ. ಐರ್ಲೆಂಡಿನವನೇ ಆದ ಬರ್ಕ್ಲಿಯು ೧೭೦೯ ರಲ್ಲಿ ಇದಕ್ಕೆ ತೀರ ವಿರುದ್ಧವಾಗಿ, ಕಣ್ಣು ಕಾಣುವ ಆಕಾರಕ್ಕೂ ಕೈ ಅರಿಯುವ ಆಕಾರಕ್ಕೂ ಹೆಸರು ಮಾತ್ರ ಒಂದು, ಜಾತಿಯೇ ಬೇರೆ, ಎಂದು ವಾದಿಸಿದನು. ಒಂದರಿಂದ ಇನ್ನೊಂದನ್ನು ಅರಿಯುವುದು ಹೊಸ ಭಾಷೆಯನ್ನು ಕಲಿತಂತೆಯೇ ಎಂದು ಅವನ ಮತ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ನಮಗೆ ಕೆಲಸವಿದೆ.

ವಾದಗಳು ಹೀಗೆ ನಡೆದಿರಲು, ೧೭೨೮ ರಲ್ಲಿ ಲಂಡನ್ನಿನ ಶಸ್ತ್ರವೈದ್ಯನಾದ ವಿಲಿಯಂ ಚೆಸೆಲ್ಡನನು ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗನೊಬ್ಬನ ಕಣ್ಣಿನ ಪೊರೆಯನ್ನು ತೆಗೆದ ವೃತ್ತಾಂತವನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಕೆಲವೇ ಪುಟಗಳ ಈ ಬರಹವನ್ನು ಓದಿದಾಗ ತತ್ತ್ವಗ್ರಂಥಗಳಲ್ಲಿ ದೊರೆಯದ ಒಂದು ಬಗೆಯ ಬೆಳಕು ದೊರೆಯುತ್ತದೆ. ಹುಡುಗನಿಗೆ ಮೊದಲು ಹಗಲಿರುಳುಗಳ ಭೇದವೂ, ಒಳ್ಳೆಯ ಬೆಳಕಿನಲ್ಲಿ ಕಪ್ಪು, ಬಿಳುಪು, ಕಡುಗೆಂಪುಗಳೂ ಮಾತ್ರ ತಿಳಿಯುತ್ತಿದ್ದುವು. ಪೊರೆ ತೆಗೆದ ಮೇಲೆ, ತಾನು ನೋಡುವ ವಸ್ತುಗಳೆಲ್ಲ ತನ್ನ ಕಣ್ಣನ್ನು ಮುಟ್ಟುತ್ತಿವೆಯೆಂದು ಅವನಿಗೆ ತೋರಿತು. ಯಾವ ವಸ್ತುವಿನ ಆಕಾರವೂ ಅವನಿಗೆ ಗೊತ್ತಾಗಲಿಲ್ಲ. ಮನೆಯ ಬೆಕ್ಕು ಯಾವುದು, ನಾಯಿ ಯಾವುದು ಎಂದು ಮತ್ತೆ ಮತ್ತೆ ಕೇಳುವುದಕ್ಕೆ ಅವನಿಗೆ ನಾಚಿಕೆ. ಒಂದು ದಿನ ಬೆಕ್ಕನ್ನು ಹಿಡಿದು, ಅದರ ಮೈಯನ್ನು ಚೆನ್ನಾಗಿ ತಡವಿ, ಮುಖವನ್ನು ದೃಷ್ಟಿಯಿಟ್ಟು ನೋಡಿ, ಇನ್ನು ಮೇಲೆ ನೀನು ನನಗೆ ಗುರುತು ಸಿಕ್ಕುತ್ತೀಯೆ ಎಂಬರ್ಥದ ಮಾತನ್ನಾಡಿ ಕೆಳಕ್ಕೆ ಬಿಟ್ಟನಂತೆ.

ಚಿತ್ರಪಟಗಳಂತೂ ಅವನನ್ನು ತುಂಬ ಕಾಡಿದುವು. ಸುಮಾರು ಎರಡು ತಿಂಗಳ ಕಾಲ ಅವು ಅವನಿಗೆ ಬಣ್ಣ ಬಳಿದ ಹಲಗೆಗಳು ಮಾತ್ರ. ಆಮೇಲೆ ಒಮ್ಮೆಗೇ ಅವುಗಳಲ್ಲಿ ಉಬ್ಬುತಗ್ಗುಗಳುಳ್ಳ ವಸ್ತುಗಳು ಕಾಣತೊಡಗಿದುವು. ಮುಟ್ಟಿ ನೋಡಿದರೆ ಎಲ್ಲವೂ ಸಪಾಟು. ಆಗ ಆ ಹುಡುಗನು, ಸುಳ್ಳು ಹೇಳುತ್ತಿರುವುದು ಕಣ್ಣೋ ಕೈಯೋ ಎಂದು ಸುತ್ತಲಿದ್ದವರನ್ನು ಕೇಳಿದನು. ಪ್ರತ್ಯಕ್ಷವೇ ಪ್ರಮಾಣಗಳಲ್ಲಿ ಮೊದಲನೆಯದೆಂದು ಹೇಳುವ ಶಾಸ್ತ್ರಕಾರರೆಲ್ಲರೂ ಉತ್ತರ ಹೇಳಬೇಕಾದ ಪ್ರಶ್ನೆ ಇದು.

ಕಾಲಕ್ರಮವನ್ನು ಮೀರಿ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮೋಲಿನ್ಯೂವಿನ ಪ್ರಶ್ನೆಯನ್ನು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಿದುದು ಭಾರತದಲ್ಲಿ. ಪವನ್ ಸಿನ್ಹ ಎಂಬ ವಿಜ್ಞಾನಿಯು ಉತ್ತರ ಭಾರತದಲ್ಲಿ ಹುಟ್ಟಿನಿಂದ ದೃಷ್ಟಿಯಿಲ್ಲದ ಮಕ್ಕಳಿಗೆ ಚಿಕಿತ್ಸೆ ಮಾಡಿಸಿ, ಅವರು ನೋಡಲು ಕಲಿಯುವ ಬಗೆಯನ್ನು ಅಭ್ಯಾಸಮಾಡುವ ‘ಪ್ರಕಾಶ್’ ಎಂಬ ಯೋಜನೆಯನ್ನು ಆರಂಭಿಸಿದರು. ೨೦೧೧ ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ೮ ರಿಂದ ೧೭ ವಯಸ್ಸಿನ ಐದು ಮಕ್ಕಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮುಟ್ಟಿದ ವಸ್ತುವನ್ನು ಮುಟ್ಟಿ ಗುರುತಿಸುವುದರಲ್ಲಿ ಮಕ್ಕಳು ನೂರಕ್ಕೆ ೯೮ ಸಲ, ನೋಡಿದುದನ್ನು ನೋಡಿ ಗುರುತಿಸುವುದರಲ್ಲಿ ೯೨ ಸಲ ಗೆದ್ದರು. ಮುಟ್ಟಿದುದನ್ನು ನೋಟದಿಂದ ಗುರುತಿಸುವುದರಲ್ಲಿ ಮಾತ್ರ ೫೮ ಸಲ. ಎರಡರಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಇದು ಕಣ್ಣು ಮುಚ್ಚಿ ಆರಿಸಿದಂತೆಯೇ ಸರಿ. ಆದರೆ ಕೆಲವೇ ದಿನಗಳ ಮೇಲೆ ಮತ್ತೆ ಪರೀಕ್ಷಿಸಿದಾಗ ಮಕ್ಕಳು, ಯಾರೂ ಹೇಳಿಕೊಡದೆಯೇ, ಬಹಳ ಸುಧಾರಿಸಿದ್ದರು. ಲಾಕನಿಗೆ ಜಯ, ಆದರೆ ಲೈಬ್ನಿಟ್ಸನನ್ನು ಪೂರ್ತಿಯಾಗಿ ಹೊರಕ್ಕೆ ಕಳುಹಿಸುವಂತಿಲ್ಲ.

ಇಷ್ಟರಲ್ಲೆಲ್ಲ ನೀತಿಯ ಮಾತು ಎಲ್ಲಿಯೂ ಬರಲಿಲ್ಲ. ಅದನ್ನು ತಂದವನು ಫ್ರಾನ್ಸಿನ ದಿದೆರೊ. ೧೭೪೯ ರಲ್ಲಿ ಪ್ಯಾರಿಸ್ಸಿನಲ್ಲಿ ರೆಯೊಮ್ಯೂರ್ ಎಂಬ ವಿಖ್ಯಾತ ವಿಜ್ಞಾನಿಯ ಆಶ್ರಯದಲ್ಲಿ ಜನ್ಮಾಂಧಳಾದ ಒಬ್ಬ ಹುಡುಗಿಗೆ ಪೊರೆಯ ಶಸ್ತ್ರಕ್ರಿಯೆಯಾಯಿತು. ಕಣ್ಣಿನ ಕಟ್ಟನ್ನು ಮೊದಲ ಸಲ ಬಿಚ್ಚುವ ಹೊತ್ತಿನಲ್ಲಿ ತಾನೂ ಇರಬೇಕೆಂದು ದಿದೆರೊ ಬೇಡಿಕೊಂಡನು, ಅಪ್ಪಣೆ ಸಿಕ್ಕಲಿಲ್ಲ. ದೊಡ್ಡ ಮನೆತನದ ಕೆಲವರ ಮುಂದೆ ಮಾತ್ರ ಆ ಪ್ರಯೋಗ ನಡೆಯಿತೆಂದು ಅವನಿಗೆ ಸಿಟ್ಟು. ನೋಡಲು ಬಿಡದ ಆ ಸಿಟ್ಟಿನಲ್ಲಿ, ಕಣ್ಣುಳ್ಳವರ ಉಪಯೋಗಕ್ಕಾಗಿ ಅಂಧರನ್ನು ಕುರಿತ ಒಂದು ಪತ್ರವನ್ನು ಪುಸ್ತಕರೂಪವಾಗಿ, ಹೆಸರು ಹಾಕದೆ ಪ್ರಕಟಿಸಿದನು.

ಅದರಲ್ಲಿ ಪ್ವಿಸೊ ಎಂಬ ಊರಿನ ಒಬ್ಬ ಜನ್ಮಾಂಧನ ಚಿತ್ರವಿದೆ. ಆತನು ರಾತ್ರಿಯ ಹೊತ್ತು, ಯಾರೂ ಅಡ್ಡಬಾರದಿರುವಾಗ, ಮನೆಯ ಕೆಲಸವನ್ನೆಲ್ಲ ಮಾಡಿ ಒಂದೊಂದು ವಸ್ತುವನ್ನೂ ಅದರದರ ಜಾಗದಲ್ಲಿಡುತ್ತಿದ್ದನು. ಉಬ್ಬಕ್ಷರಗಳಿಂದ ಮಗನಿಗೆ ಓದು ಕಲಿಸಿದನು. ನಿನಗೆ ಕಣ್ಣು ಬಂದರೆ ಸಂತೋಷವೆ ಎಂದು ಕೇಳಿದುದಕ್ಕೆ, ಅದಕ್ಕಿಂತ ಉದ್ದವಾದ ತೋಳುಗಳು ಬಂದರೆ ಮೇಲು, ಚಂದ್ರಲೋಕದಲ್ಲಿ ನಡೆಯುವುದನ್ನು ನಿಮ್ಮ ದೂರದರ್ಶಕಕ್ಕಿಂತ ನನ್ನ ಕೈ ಚೆನ್ನಾಗಿ ತಿಳಿಸೀತು, ಎಂದು ಉತ್ತರಕೊಟ್ಟನಂತೆ. ಅವನಿಗೆ ಕಳ್ಳತನವನ್ನು ಕಂಡರೆ ಬಹಳ ಹೇಸಿಕೆ. ಕಾರಣವೇನೆಂದರೆ, ಇತರರು ಅವನಿಗೆ ತಿಳಿಯದಂತೆ ಅವನ ವಸ್ತುವನ್ನು ಕದಿಯುವುದು ಸುಲಭ. ಅವನು ಕದ್ದರೆ ಎಲ್ಲರಿಗೂ ಕಂಡುಹೋಗುತ್ತದೆ. ಬಟ್ಟೆಯು ಚಳಿಗಾಳಿಗಳಿಗಲ್ಲದೆ ಮಾನಕ್ಕೆ ಏತಕ್ಕೆ ಎಂಬುದು ಅವನಿಗೆ ಅರ್ಥವಾಗುತ್ತಿರಲಿಲ್ಲ.

ಇಲ್ಲಿಂದ ದಿದೆರೊ ಒಂದು ದೊಡ್ಡ ಹೆಜ್ಜೆಯಿಟ್ಟನು. ನಮ್ಮ ಜ್ಞಾನವು ಇಂದ್ರಿಯಗಳನ್ನು ಅವಲಂಬಿಸಿದ್ದರೆ ನಮ್ಮ ನೀತಿಯೂ ಅವನ್ನೇ ಅವಲಂಬಿಸಿರಬೇಕಲ್ಲವೆ? ರಕ್ತ ಸುರಿಸುತ್ತ ಮೌನವಾಗಿರುವ ಮನುಷ್ಯನನ್ನು ಕಾಣಲಾರದ ಅಂಧನಿಗೆ ಕರುಣೆ ಹುಟ್ಟುವುದು ಹೇಗೆ? ಎಂದು ಕೇಳಿ, ಅಂಧರಲ್ಲಿ ದಯೆ ಕಡಮೆಯಿರಬೇಕೆಂದು ಶಂಕಿಸಿದನು. ಆದರೆ ಅಲ್ಲಿಗೇ ನಿಲ್ಲದೆ ಕತ್ತಿಯನ್ನು ಕಣ್ಣುಳ್ಳವರ ಕಡೆಗೆ ತಿರುಗಿಸಿದನು. ದೂರವು ನಮ್ಮನ್ನೂ ಅಂಧರನ್ನಾಗಿ ಮಾಡುವುದಿಲ್ಲವೆ? ಒಂದು ಹಕ್ಕಿಯಷ್ಟು ಸಣ್ಣದಾಗಿ ಕಾಣುವಷ್ಟು ದೂರದಲ್ಲಿರುವ ಮನುಷ್ಯನನ್ನು ಕೊಲ್ಲುವುದು, ಕೈಯಾರ ಒಂದು ಎತ್ತನ್ನು ಕಡಿಯುವುದಕ್ಕಿಂತ ಅನೇಕರಿಗೆ ಸುಲಭವಾದೀತು, ಎಂದನು. ಆಗ ವಿಮಾನಗಳಿರಲಿಲ್ಲ, ಮೋಡಗಳ ಮೇಲಿಂದ ಬಾಂಬು ಬೀಳಿಸುವ ವಿದ್ಯೆಯಿರಲಿಲ್ಲ.

ಈ ಮಾತಿಗೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಂದು ಸಾಕ್ಷ್ಯವಿದೆ. ೧೯೪೩ ರಲ್ಲಿ ಬಂಗಾಳದಲ್ಲಿ ಕ್ಷಾಮ. ಅಕ್ಕಿಯ ಬೆಲೆ ಏರಿದ ವರದಿಗಳೂ ಸರ್ಕಾರದ ಸಮಾಧಾನಗಳೂ ತಿಂಗಳುಗಟ್ಟಲೆ ಕಾಗದದ ಮೇಲೆಯೇ ಓಡಾಡುತ್ತಿದ್ದುವು. ಆಗಸ್ಟ್ ೨೨ ರಂದು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯು ಬೀದಿಗಳಲ್ಲಿ ಹಸಿದು ಬಿದ್ದವರ ಛಾಯಾಚಿತ್ರಗಳನ್ನು ಅಚ್ಚುಹಾಕಿತು. ಅಂಕಿಗಳಿಗೆ ಅಲುಗದಿದ್ದ ಮನಸ್ಸುಗಳು ಚಿತ್ರಗಳಿಗೆ ಅಲುಗಿದುವು. ದೆಹಲಿಯಲ್ಲಿಯೂ ಕಡಲಾಚೆಯೂ ಕ್ಷಾಮದ ಮಾತು ಎದ್ದಿತು. ಸತ್ತವರು ಸುಮಾರು ೧೫ ಲಕ್ಷ ಎಂದು ೧೯೪೫ ರಲ್ಲಿ ವಿಚಾರಣಾ ಸಮಿತಿಯು ಎಣಿಸಿತು. ಆಮೇಲಿನ ವಿದ್ವಾಂಸರು ಅದಕ್ಕಿಂತ ಬಹಳ ಹೆಚ್ಚೆನ್ನುತ್ತಾರೆ. ಕಲ್ಕತ್ತೆಯ ಬೀದಿಯಲ್ಲಿ ನಡೆದಾಡುವವರಿಗೆ ಆ ಹೆಣಗಳು ಛಾಯಾಚಿತ್ರಕ್ಕೆ ಮೊದಲೂ ಕಾಣುತ್ತಿದ್ದುವು ಎಂಬುದನ್ನು ಮಾತ್ರ ದಿದೆರೊವಿನ ಸೂತ್ರವು ವಿವರಿಸುವುದಿಲ್ಲ.

ದಿದೆರೊವಿನ ಪುಸ್ತಕದಲ್ಲಿ ಇನ್ನೊಬ್ಬ ಅಂಧನಿದ್ದಾನೆ. ಒಂದು ವರ್ಷದ ಕೂಸಾಗಿದ್ದಾಗ ಸಿಡುಬಿನಿಂದ ಕಣ್ಣು ಕಳೆದುಕೊಂಡ ನಿಕೊಲಾಸ್ ಸಾಂಡರ್ಸನನು, ನ್ಯೂಟನ್ನನು ಅಲಂಕರಿಸಿದ್ದ ಕೇಂಬ್ರಿಜಿನ ಗಣಿತಪೀಠವನ್ನು ೧೭೧೧ ರಲ್ಲಿ ಏರಿ, ಕಣ್ಣುಳ್ಳ ವಿದ್ಯಾರ್ಥಿಗಳಿಗೆ ಬೆಳಕಿನ ಶಾಸ್ತ್ರವನ್ನು ಬೋಧಿಸುತ್ತಿದ್ದನು. ಇದು ನಿಜ. ಅವನ ಮರಣಶಯ್ಯೆಯ ಬಳಿ ಒಬ್ಬ ಪಾದ್ರಿಯು ಸೃಷ್ಟಿಯ ಸೊಬಗನ್ನು ತೋರಿಸಿ ದೇವರನ್ನು ಸಾಧಿಸಹೋದುದೂ, ಆ ಸೊಬಗು ನನಗೆ ಕಾಣದು, ದೇವರನ್ನು ಮುಟ್ಟಿಸಿದರೆ ನಂಬುತ್ತೇನೆ ಎಂದು ಸಾಂಡರ್ಸನನು ಉತ್ತರಿಸಿದುದೂ ದಿದೆರೊವಿನ ಕಲ್ಪನೆ. ಸತ್ತವನ ಬಾಯಿಂದ ತನ್ನ ಮಾತನ್ನಾಡಿಸುವುದು ನ್ಯಾಯವೆ ಎಂದು ಯಾರಾದರೂ ಕೇಳಬಹುದು, ನಾವೂ ಕೇಳುತ್ತೇವೆ. ಸರ್ಕಾರವು ಅದನ್ನು ಕೇಳಲಿಲ್ಲ, ನೇರವಾಗಿ ಹಿಡಿದುಕೊಂಡುಹೋಯಿತು. ೧೭೪೯ ರ ಜುಲೈ ೨೪ ರಂದು ದಿದೆರೊ ಬಂಧಿತನಾಗಿ ವ್ಯಾನ್ಸೆನ್ ಕೋಟೆಯನ್ನು ಸೇರಿದನು. ಮೊದಲು ಆ ಪುಸ್ತಕ ನನ್ನದಲ್ಲವೆಂದನು. ಆಮೇಲೆ ಒಪ್ಪಿಕೊಂಡು, ಇನ್ನು ಇಂಥದನ್ನು ಬರೆಯುವುದಿಲ್ಲವೆಂದು ಮಾತುಕೊಟ್ಟನು. ನವೆಂಬರ್ ೩ ರಂದು ಬಿಡುಗಡೆಯಾಯಿತು. ಅವನ ಕೈಯಲ್ಲಿದ್ದ ವಿಶ್ವಕೋಶದ ಕೆಲಸ ನಿಂತುಹೋದೀತೆಂದು ಪುಸ್ತಕವ್ಯಾಪಾರಿಗಳು ಮೊರೆಯಿಟ್ಟುದೂ ಇದಕ್ಕೆ ಸಹಾಯವಾಯಿತು.

ಸೆರೆಯಲ್ಲಿದ್ದ ಈ ಗೆಳೆಯನನ್ನು ಕಾಣಲು ರೂಸೊ ಪ್ಯಾರಿಸ್ಸಿನಿಂದ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದನು. ಹಾಗೆ ಹೋಗುವಾಗ ಒಂದು ದಿನ ಕೈಯಲ್ಲಿದ್ದ ಪತ್ರಿಕೆಯಲ್ಲಿ ದಿಜೋನ್ ನಗರದ ವಿದ್ವತ್ಸಭೆಯ ಬಹುಮಾನದ ಪ್ರಶ್ನೆ ಅವನ ಕಣ್ಣಿಗೆ ಬಿತ್ತು: ಶಾಸ್ತ್ರಗಳ ಮತ್ತು ಕಲೆಗಳ ಪುನರುದಯದಿಂದ ಜನರ ನಡತೆಯು ಶುದ್ಧವಾಯಿತೆ? ಇಲ್ಲ, ಕೆಟ್ಟಿತು, ಎಂದು ಅವನು ಬರೆದ ಪ್ರಬಂಧಕ್ಕೆ ೧೭೫೦ ರಲ್ಲಿ ಬಹುಮಾನ ಬಂದಿತು. ಹಾಗೆ ಬರೆಯೆಂದು ಹೇಳಿಕೊಟ್ಟವನು ದಿದೆರೊವೇ ಎಂಬ ಕಥೆಯೂ ಉಂಟು. ಅದಿರಲಿ. ಡಬ್ಲಿನ್ನಿನ ಒಂದು ಗುಂಡು ಮತ್ತು ಒಂದು ಘನ ಉರುಳಿಕೊಂಡು ಬಂದು, ಅರವತ್ತು ವರ್ಷಗಳಲ್ಲಿ, ಜ್ಞಾನದಿಂದ ಲೋಕಕ್ಕೆ ಒಳಿತಾಯಿತೆ ಎಂಬ ಪ್ರಶ್ನೆಯ ಬಾಗಿಲಿಗೆ ತಾಗಿದುವು.

ಅಂಧರಿಗೆ ಕರುಣೆ ಕಡಮೆ ಎಂಬ ಮಾತಿಗೆ ಉತ್ತರ ಹೇಳಿದವಳು ಮೆಲಾನಿ ದ ಸಾಲಿನ್ಯಾಕ್ ಎಂಬ ಅಂಧ ತರುಣಿ. ದಿದೆರೊ ಆಕೆಯನ್ನು ೧೭೬೦ ರಿಂದ ೧೭೬೩ ರವರೆಗೆ ಚೆನ್ನಾಗಿ ಬಲ್ಲವನಾಗಿದ್ದನು. ಆಕೆ ಸೂಜಿಗೆ ತಾನೇ ದಾರ ಪೋಣಿಸಿ ಹೊಲಿಯುತ್ತಿದ್ದಳು. ಸಂಗೀತ, ಭೂಗೋಳ, ರೇಖಾಗಣಿತಗಳನ್ನು ಕಲಿತಿದ್ದಳು. ಉಬ್ಬಚ್ಚಿನ ಪುಟಗಳನ್ನು ಬೆರಳಿನಿಂದ ಓದುತ್ತಿದ್ದಳು. ಅಂಧರು ಕಠಿನಹೃದಯರಾಗಿರಬೇಕೆಂದು ಬರೆದುದಕ್ಕಾಗಿ ಆಕೆ ದಿದೆರೊವನ್ನು ಎಂದೂ ಕ್ಷಮಿಸಲಿಲ್ಲ. ಸಂಕಟದ ದನಿ ನನಗೆ ಕೇಳಿಸುವಂತೆ ನಿಮಗೆ ಕೇಳಿಸುತ್ತದೆಂದು ತಿಳಿದಿದ್ದೀರಾ, ಎಂದು ಅವನನ್ನು ಕೇಳಿದಳು. ದನಿಯೆತ್ತದೆ ನೋಯುವವರೂ ಉಂಟಲ್ಲ ಎಂದು ಅವನು ಹೇಳಿದುದಕ್ಕೆ, ಅಂಥವರನ್ನೂ ನಾನು ಬೇಗನೆ ಕಂಡುಹಿಡಿಯುತ್ತೇನೆ, ಅವರಿಗಾಗಿ ಇನ್ನೂ ಹೆಚ್ಚು ಮರುಗುತ್ತೇನೆ, ಎಂದಳು. ಈ ಮಾತನ್ನು ಕೇಳುತ್ತಿರುವ ತಮಗೆ ನಮ್ಮ ಮುಖ ಕಾಣದು. ಆದರೂ ನಮ್ಮ ದನಿಯಲ್ಲಿ ಎಲ್ಲಿ ನಂಬಿಕೆಯಿದೆ, ಎಲ್ಲಿ ಅಳುಕಿದೆ ಎಂಬುದು ತಮಗೆ ತಿಳಿದೇ ಇರಬೇಕು. ಅಂಧರಾಗಿದ್ದೇ ಗದುಗಿನಲ್ಲಿ ನೂರಾರು ಶಿಷ್ಯರನ್ನು ಗಾಯಕರನ್ನಾಗಿ ಮಾಡಿದ ಪಂಚಾಕ್ಷರಿ ಗವಾಯಿಗಳನ್ನು ಬಲ್ಲ ನಾಡಿಗೆ ಮೆಲಾನಿಯ ಮಾತನ್ನು ವಿವರಿಸಬೇಕಾಗಿಲ್ಲ.

ದಿದೆರೊವಿನ ದೊಡ್ಡ ಗುಣವೆಂದರೆ ಈ ಆಕ್ಷೇಪಣೆಯನ್ನು ಮರೆಮಾಚಲಿಲ್ಲ. ಮೂವತ್ತಮೂರು ವರ್ಷಗಳ ಮೇಲೆ, ೧೭೮೨ ರ ಸುಮಾರಿನಲ್ಲಿ, ಮುದುಕನಾಗಿ ತನ್ನ ಹಳೆಯ ಪತ್ರಕ್ಕೆ ಅನುಬಂಧವನ್ನು ಬರೆದು ಆಕೆಯ ಮಾತುಗಳನ್ನೆಲ್ಲ ಅದರಲ್ಲಿ ಸೇರಿಸಿದನು. ಅಂಧರನ್ನು ಕುರಿತು ತತ್ತ್ವಜ್ಞರು ನೂರು ವರ್ಷ ಮಾತನಾಡಿದ್ದರು. ಅಂಧರ ಎದುರಿನಲ್ಲಿ ಕುಳಿತು ಅವರ ಉತ್ತರವನ್ನು ಬರೆದುಕೊಂಡವರು ವಿರಳ.

ಊರವರ ನಡತೆ ಹೇಗಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. ೧೭೭೧ ರಲ್ಲಿ ಪ್ಯಾರಿಸ್ಸಿನ ಒಂದು ಜಾತ್ರೆಯಲ್ಲಿ ಅಂಧರ ಆಶ್ರಮದ ಕೆಲವರಿಗೆ ವಿದೂಷಕರ ನಿಲುವಂಗಿ, ಕತ್ತೆಕಿವಿಯ ಟೊಪ್ಪಿಗೆ, ಗಾಜಿಲ್ಲದ ದೊಡ್ಡ ಕನ್ನಡಕಗಳನ್ನು ತೊಡಿಸಿ, ಎದುರಿಗೆ ಸಂಗೀತದ ಹಾಳೆಗಳನ್ನಿಟ್ಟು, ಪಿಟೀಲು ಬಾರಿಸಗೊಟ್ಟಿದ್ದರು. ಜನ ಗುಂಪುಕೂಡಿ ನಕ್ಕರು. ಗುಂಪಿನಲ್ಲಿದ್ದ ವ್ಯಾಲೆಂಟಿನ್ ಹೌಯಿ ಎಂಬ ತರುಣನಿಗೆ ನಗು ಬರಲಿಲ್ಲ. ಅವನು ೧೭೮೫ ರಲ್ಲಿ ಅಂಧ ಬಾಲಕರಿಗಾಗಿ ಪಾಠಶಾಲೆಯನ್ನು ತೆರೆದು, ಸಾಮಾನ್ಯ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಾಗಿ ಒತ್ತಿ ಪುಸ್ತಕಗಳನ್ನು ಮಾಡಿಸಿದನು. ಕಣ್ಣುಳ್ಳವರಿಗೆ ಅವು ಬಹಳ ಅಂದವಾಗಿ ಕಂಡುವು. ಬೆರಳಿಗೆ ಮಾತ್ರ ಆ ಬಳುಕುಗೆರೆಗಳು ಒಂದರಿಂದೊಂದು ಬೇರೆಯಾಗಿ ಸುಲಭವಾಗಿ ತಿಳಿಯುತ್ತಿರಲಿಲ್ಲ. ಓದು ನಿಧಾನ, ಬರೆಯುವುದಂತೂ ಇನ್ನೂ ಕಷ್ಟ.

ಕಣ್ಣಿಗೆ ಒಪ್ಪುವ ಆಕಾರವೇ ಕೈಗೂ ಒಪ್ಪಬೇಕೆಂದು ಹೌಯಿ ತಿಳಿದಿದ್ದನು. ಹಾಗಲ್ಲವೆಂದು ತೋರಿಸಿದವನು ಅದೇ ಶಾಲೆಗೆ ೧೮೧೯ ರಲ್ಲಿ ಹತ್ತು ವರ್ಷದವನಾಗಿ ಸೇರಿದ ಲೂಯಿ ಬ್ರೈಲ್. ಬಾರ್ಬಿಯೆ ಎಂಬವನು ಕಲ್ಪಿಸಿದ್ದ ಹನ್ನೆರಡು ಚುಕ್ಕೆಗಳ ಲಿಪಿಯನ್ನು, ಒಂದೇ ಬೆರಳಿನ ತುದಿಗೆ ಒಮ್ಮೆಗೆ ಸಿಕ್ಕುವಂತೆ ಆರಕ್ಕೆ ಇಳಿಸಿ, ೧೮೨೯ ರಲ್ಲಿ ಪ್ರಕಟಿಸಿದನು. ಈ ಲಿಪಿಯು ನೋಟಕ್ಕೆ ಅಕ್ಷರದಂತೆಯೇ ಇರಲಿಲ್ಲ. ಕಣ್ಣುಳ್ಳ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಕೆಲವು ಕಾಲ ಶಾಲೆಯಲ್ಲಿಯೇ ಅದಕ್ಕೆ ನಿಷೇಧವಿತ್ತು, ಹುಡುಗರು ಗುಟ್ಟಾಗಿ ಬರೆಯುತ್ತಿದ್ದರು. ಕಣ್ಣಿನ ಆಕಾರ ಬೇರೆ, ಕೈಯ ಆಕಾರ ಬೇರೆ ಎಂದ ಬರ್ಕ್ಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಗಳು ಯಾವ ವಿದ್ಯಾಪೀಠದಲ್ಲಿಯೂ ಸಿಕ್ಕುತ್ತಿರಲಿಲ್ಲ. ೧೮೫೪ ರಲ್ಲಿ ಆ ಲಿಪಿಗೆ ಫ್ರಾನ್ಸಿನಲ್ಲಿ ಅಧಿಕೃತ ಮನ್ನಣೆ ದೊರೆಯಿತು. ಬ್ರೈಲ್ ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದುವು.

ಭಾರತದಲ್ಲಿ ಒಂದೊಂದು ಪ್ರಾಂತಕ್ಕೆ ಒಂದೊಂದು ಬಗೆಯ ಅಂಧಲಿಪಿಗಳಿದ್ದುವು. ೧೯೫೧ ರಲ್ಲಿ ನಮ್ಮ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ನಿಶ್ಚಯವಾಯಿತು. ಕನ್ನಡದ ‘ಕ’ಕಾರವೂ ಹಿಂದಿಯ ‘ಕ’ಕಾರವೂ ಬಂಗಾಳಿಯ ‘ಕ’ಕಾರವೂ ನೋಡುವವರಿಗೆ ಮೂರು ಬೇರೆ ಬೇರೆ ಅಕ್ಷರಗಳು. ಬೆರಳಿಗೆ ಅವು ಮೂರೂ ಒಂದೇ: ಎಡಸಾಲಿನ ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ.